ಹದವರಿತ ಏಕಾಂತ

ದ್ರಾಕ್ಷಿಯನ್ನು ಬಾಯಿಗೆ ಹಾಕಿಕೊಂಡು ಹಾಗೆಯೇ ನುಂಗಿಬಿಡಬಹುದು. ಹಲ್ಲಿಗೆ ಕೊಟ್ಟು, ನಿಧಾನವಾಗಿ ಅಗಿದು, ರಸ ನಾಲಿಗೆಯ ಮೇಲೆಲ್ಲ ಹರಡುವ ತನಕ ಕಾಯಲೂಬಹುದು. 12ನೆಯ ಶತಮಾನದ ಉತ್ತರಾರ್ಧದಲ್ಲಿ, ಫ್ರಾನ್ಸಿನ ಆಲ್ಪ್ಸ್ ಸೀಮೆಯ ಒಂದು ಮಠದಲ್ಲಿ ಬಾಳಿದ ಇಮ್ಮಡಿ ಗೀಗೋ ಎಂಬ ಸಂನ್ಯಾಸಿ, ಶಾಸ್ತ್ರಗ್ರಂಥವನ್ನು ಓದುವ ಬಗೆಯನ್ನು ಈ ದ್ರಾಕ್ಷಿಯ ಮೂಲಕವೇ ಹೇಳಿಕೊಟ್ಟ. ಒಂದು ದಿನ ಕೈಗೆಲಸದಲ್ಲಿ ತೊಡಗಿದ್ದಾಗ ಅವನಿಗೆ ನಾಲ್ಕು ಮೆಟ್ಟಿಲುಗಳು ಹೊಳೆದವಂತೆ: ಓದು, ಮನನ, ಪ್ರಾರ್ಥನೆ, ಧ್ಯಾನ. ತನ್ನ ಸ್ನೇಹಿತ ಜೆರ್ವಾಸನಿಗೆ ಕಾಗದ ಬರೆದು ಅದನ್ನೆಲ್ಲ ವಿವರಿಸಿದ. ಓದು ಎಂದರೆ ತುತ್ತನ್ನು ಬಾಯಿಗಿಡುವುದು. ಮನನ ಎಂದರೆ ಅಗಿಯುವುದು. ಪ್ರಾರ್ಥನೆ ಎಂದರೆ ರುಚಿಗಾಗಿ ಹಂಬಲಿಸುವುದು. ಧ್ಯಾನ ಎಂದರೆ ಸವಿಯೇ ತಾನಾಗಿ ಒದಗಿಬರುವುದು. ಶುಭಸಂದೇಶದಲ್ಲಿ ನಿರ್ಮಲ ಹೃದಯದವರನ್ನು ಕುರಿತು ಯೇಸುಸ್ವಾಮಿ ಆಡಿದ ಒಂದು ಸಣ್ಣ ಮಾತನ್ನು ಎತ್ತಿಕೊಂಡು, ಅದರ ಒಂದೊಂದು ಪದವನ್ನೂ ಅವನು ಅಗಿದು ತೋರಿಸುತ್ತಾನೆ.

ನಮ್ಮ ಕಾವ್ಯಮೀಮಾಂಸೆಯ ಪರಿಚಯವಿದ್ದವರಿಗೆ ಇಲ್ಲಿ ಅಭಿನವಗುಪ್ತ ನೆನಪಾಗುತ್ತಾನೆ. ರಸಾನುಭವವನ್ನು ಅವನು ಚರ್ವಣೆಯೆಂದೇ ಕರೆದ. ಕಾಶ್ಮೀರದ ಆ ಆಲಂಕಾರಿಕನಿಗೂ ಆಲ್ಪ್ಸಿನ ಈ ಸಂನ್ಯಾಸಿಗೂ ಯಾವ ನಂಟೂ ಇಲ್ಲ. ಅವನದು ಕಾವ್ಯ, ಇವನದು ದೇವರ ವಾಕ್ಯ. ಆದರೂ ಸವಿ ಎನ್ನುವುದು ಅವಸರಕ್ಕೆ ಸಿಕ್ಕುವಂಥದ್ದಲ್ಲ ಎಂಬ ಮಾತಿನಲ್ಲಿ ಇಬ್ಬರೂ ಒಂದಾಗುತ್ತಾರೆ. ಈ ಗೀಗೋ ಬಾಳಿದ ಮಠದ ಹೆಸರು ಗ್ರಾಂದ್ ಶಾರ್ತ್ರೂಸ್. ಅದರಿಂದ ಹುಟ್ಟಿದ ಕಾರ್ತೂಸಿಯನ್ ಸಭೆ ಕಥೋಲಿಕ ಧರ್ಮಸಭೆಯ ಸಂನ್ಯಾಸ ಸಭೆಗಳಲ್ಲೆಲ್ಲ ಅತ್ಯಂತ ಮೌನಿ. ಒಂಬತ್ತು ಶತಮಾನಗಳಿಗೂ ಮೀರಿದ ಅದರ ಬದುಕನ್ನು ನಿಧಾನವಾಗಿ ಸವಿಯಬೇಕೆಂಬುದೇ ಈ ಬರಹದ ಆಸೆ.

ಕತೆ ಬ್ರೂನೋನಿಂದ ಶುರುವಾಗುತ್ತದೆ. ಸುಮಾರು 1030ರಲ್ಲಿ ಜರ್ಮನಿಯ ಕೊಲೋನ್ ನಗರದಲ್ಲಿ ಹುಟ್ಟಿದ ಅವನು ಫ್ರಾನ್ಸಿನ ರೆಂಸ್ ನಗರದ ಪ್ರಧಾನಾಲಯದ ಶಾಲೆಯಲ್ಲಿ ದೊಡ್ಡ ಹೆಸರಿನ ಅಧ್ಯಾಪಕ. ಮುಂದೆ ಎರಡನೆಯ ಅರ್ಬನ್ ಎಂಬ ಹೆಸರಿನಲ್ಲಿ ಪೋಪ್ ಆದವನು ಅವನ ಶಿಷ್ಯ. ಅದೇ ನಗರದ ಮಹಾಧರ್ಮಾಧ್ಯಕ್ಷ ಮನಾಸೆಸ್ ಹಣ ಕೊಟ್ಟು ಪದವಿ ಪಡೆದವನೆಂಬ ಆರೋಪ ಹೊತ್ತಿದ್ದ. ಬ್ರೂನೋ ಅವನನ್ನು ಎದುರಿಸಿ ನಿಂತು ಕಷ್ಟಕ್ಕೆ ಸಿಕ್ಕಿದ. ಕೊನೆಗೆ ಮನಾಸೆಸ್ ಪದಚ್ಯುತನಾದ. ಬ್ರೂನೋನ ದಾರಿ ಸುಗಮವಾಗಿದ್ದುದು ಆಗಲೇ. ಪದವಿ, ಮಾನ, ಶಿಷ್ಯಕೋಟಿ ಎಲ್ಲವೂ ಕೈಯಳತೆಯಲ್ಲಿದ್ದ ಹೊತ್ತಿನಲ್ಲಿ ಅವನು ಎದ್ದು ಹೊರಟ. 1084ರ ಬೇಸಗೆಯಲ್ಲಿ ಆರು ಮಂದಿ ಸಂಗಾತಿಗಳೊಂದಿಗೆ ಗ್ರೆನೋಬಲ್ ನಗರದ ಧರ್ಮಾಧ್ಯಕ್ಷ ಹ್ಯೂನ ಬಾಗಿಲಿಗೆ ಬಂದು, ಏಕಾಂತಕ್ಕೆ ಒಂದಿಷ್ಟು ಜಾಗ ಬೇಡಿದ. ಅದಕ್ಕೆ ಮುಂಚೆ ಹ್ಯೂನ ಕನಸಿನಲ್ಲಿ ಏಳು ನಕ್ಷತ್ರಗಳು ಕಾಣಿಸಿಕೊಂಡಿದ್ದವೆಂದು ಪ್ರತೀತಿ. ಆ ಏಳು ನಕ್ಷತ್ರಗಳು ಇಂದಿಗೂ ಸಭೆಯ ಲಾಂಛನದಲ್ಲಿವೆ.

ಹ್ಯೂ ಅವರನ್ನು ಶಾರ್ತ್ರೂಸ್ ಬೆಟ್ಟಗಳ ನಡುವಿನ ಕಣಿವೆಗೆ ಕರೆದೊಯ್ದ. ವರ್ಷದ ಎಷ್ಟೋ ತಿಂಗಳು ಹಿಮ, ಉಳಿದ ದಿನ ಕಾಡು, ಬಂಡೆ, ನೀರಿನ ಸದ್ದು. ಅಲ್ಲಿ ಮರದ ಗುಡಿಸಲುಗಳು ಎದ್ದವು. ಹ್ಯೂಗೆ ಆ ಜಾಗ ಎಷ್ಟು ಹಿಡಿಸಿತೆಂದರೆ ಅವನು ಮತ್ತೆ ಮತ್ತೆ ಬಂದು ಅಲ್ಲಿಯೇ ಉಳಿದುಬಿಡುತ್ತಿದ್ದ. ಆಗ ಬ್ರೂನೋ, ನಿನ್ನ ಮಂದೆ ನಿನಗಾಗಿ ಕಾದಿದೆ, ಹೋಗು ಎಂದು ಅವನನ್ನು ಊರಿಗೆ ಕಳುಹಿಸಬೇಕಾಗುತ್ತಿತ್ತು. ಏಕಾಂತವನ್ನೇ ಅರಸಿ ಬಂದ ಮನುಷ್ಯ, ಇನ್ನೊಬ್ಬನ ಪಾಲಿನ ಕರ್ತವ್ಯ ಜನರ ನಡುವೆ ಇದೆ ಎಂದು ಗುರುತಿಸಿದ್ದು ಸಣ್ಣ ಮಾತಲ್ಲ. ತನಗೆ ಒಲಿದ ದಾರಿಯೇ ಎಲ್ಲರ ದಾರಿಯೆಂದು ಬ್ರೂನೋ ಎಂದೂ ಭಾವಿಸಲಿಲ್ಲ.

ಅವನ ಪಾಲಿಗೂ ಆ ಕಣಿವೆ ಬಹಳ ಕಾಲ ಉಳಿಯಲಿಲ್ಲ. 1090ರಲ್ಲಿ ಪೋಪ್ ಆಗಿದ್ದ ಹಳೆಯ ಶಿಷ್ಯನಿಂದ ಕರೆ ಬಂತು. ವಿಧೇಯತೆಯಿಂದ ರೋಮ್‌ಗೆ ಹೋದ. ರೆಜ್ಜೋ ನಗರದ ಮಹಾಧರ್ಮಾಧ್ಯಕ್ಷನ ಪೀಠ ತಾನಾಗಿ ಬಂದಾಗ ಒಲ್ಲೆನೆಂದು, ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯಾದ ಕಾಡಿನಲ್ಲಿ ಮತ್ತೊಂದು ಆಶ್ರಮ ಕಟ್ಟಿಕೊಂಡ. 1101ರ ಅಕ್ಟೋಬರ್ 6ರಂದು ಅಲ್ಲಿಯೇ ತೀರಿಕೊಂಡ. ಅವನು ತನ್ನ ಸಭೆಗಾಗಿ ನಿಯಮಾವಳಿ ಬರೆಯಲಿಲ್ಲ. ಸಭೆಯೊಂದನ್ನು ಸ್ಥಾಪಿಸುತ್ತಿದ್ದೇನೆಂಬ ಯೋಚನೆಯೂ ಅವನಿಗೆ ಇದ್ದಂತೆ ತೋರುವುದಿಲ್ಲ. ಕೊನೆಯ ವರ್ಷಗಳ ಎರಡು ಪತ್ರಗಳು ಮಾತ್ರ ಉಳಿದುಬಂದಿವೆ.

ಆ ಪತ್ರಗಳಲ್ಲಿ ಒಂದು, ರೆಂಸ್‌ನ ಹಳೆಯ ಗೆಳೆಯ ರಾವುಲ್‌ಗೆ ಬರೆದದ್ದು. ನಾನು ಮತ್ತೆ ಮತ್ತೆ ಓದುವ ಬರಹಗಳಲ್ಲಿ ಇದೂ ಒಂದು. ವಿರಾಗಿಯ ಪತ್ರವೆಂದು ತೆರೆದರೆ ಮೊದಲು ಎದುರಾಗುವುದು ಕಲಾಬ್ರಿಯಾದ ನಿಸರ್ಗ. ಹಿತವಾದ ಗಾಳಿ, ಬೆಟ್ಟಗಳ ನಡುವೆ ಹರಡಿಕೊಂಡ ಬಯಲು, ಹಸುರು ಹುಲ್ಲುಗಾವಲು, ಹೂವುಗಳು, ತೊರೆಗಳು, ಫಲ ತೂಗುವ ತೋಟಗಳು, ಒಂದೊಂದನ್ನೂ ಅವನು ನಿಂತು ನೋಡಿ ಹೇಳುತ್ತಾನೆ. ಆಮೇಲೆ ಸಂನ್ಯಾಸಿಗೆ ಇವೆಲ್ಲ ಏಕೆಂಬ ಪ್ರಶ್ನೆಗೂ ಉತ್ತರ ಕೊಡುತ್ತಾನೆ. ಸದಾ ಹೆದೆಯೇರಿಸಿಯೇ ಇಟ್ಟ ಬಿಲ್ಲು ಸಡಿಲಾಗುತ್ತದೆ, ಕಟ್ಟುನಿಟ್ಟಿನ ಸಾಧನೆಯಿಂದ ದಣಿದ ಮನಸ್ಸಿಗೂ ಈ ಚೆಲುವಿನಿಂದ ಬಿಡುವು ಸಿಕ್ಕಬೇಕು ಎಂಬುದು ಅವನ ಮಾತಿನ ತಾತ್ಪರ್ಯ. ಬಳಿಕ ಬರುವುದು ಒಂದು ನೆನಪು. ಆದಂ ಎಂಬುವನ ಮನೆಯ ಪಕ್ಕದ ತೋಟದಲ್ಲಿ ರಾವುಲ್, ಬ್ರೂನೋ, ಫುಲ್ಸಿಯುಸ್ ಮೂವರೂ ಕುಳಿತು, ಲೋಕದ ಸುಖಗಳ ಕ್ಷಣಿಕತೆಯನ್ನು ಮಾತಾಡುತ್ತ, ಎಲ್ಲವನ್ನೂ ಬಿಟ್ಟು ಸಂನ್ಯಾಸಿಗಳಾಗುತ್ತೇವೆಂದು ದೇವರಿಗೆ ಮಾತು ಕೊಟ್ಟಿದ್ದರು. ಆ ಮಾತನ್ನು ನಡೆಸು ಬಾ ಎಂದು ಗೆಳೆಯನನ್ನು ಕರೆಯುತ್ತಾನೆ. ಗದರಿಕೆಯಿಲ್ಲ, ಒತ್ತಾಯವಿದೆ. ಪ್ರೀತಿಯಿದೆ. ರಾವುಲ್ ಬರಲಿಲ್ಲ, ಮುಂದೆ ರೆಂಸ್‌ನ ಮಹಾಧರ್ಮಾಧ್ಯಕ್ಷನಾದ. ಬ್ರೂನೋನ ಕರೆ ಮಾತ್ರ ಉಳಿಯಿತು.

ಹೀಗೆ ಮೊದಲ ಹೆಜ್ಜೆಯಿಂದಲೇ ಈ ಸಭೆಯಲ್ಲಿ ಕಾಣುವುದು ಒಂದು ಹದ. ದೂರದಿಂದ ನೋಡುವವರ ಕಣ್ಣಿಗೆ ಮೊದಲು ಬೀಳುವುದು ಕಠೋರತೆ: ಮಾಂಸವಿಲ್ಲ, ಮಾತಿಲ್ಲ, ಮುರಿದ ನಿದ್ದೆ. ಹತ್ತಿರ ಹೋದಷ್ಟೂ ಕಾಣುವುದು ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲಿಸಬೇಕು ಎಂಬ ವಿವೇಕ. ಆ ವಿವೇಕಕ್ಕೆ ಬರಹದ ರೂಪ ಕೊಟ್ಟವನು ಐದನೆಯ ಮಠಾಧಿಪತಿ ಮೊದಲನೆಯ ಗೀಗೋ. 1121 ಮತ್ತು 1128ರ ನಡುವೆ ಅವನು ಮಠದ ಆಚಾರಗಳನ್ನು ಬರೆದಿಟ್ಟ. ಇದು ಹೊಸ ಶಾಸನವಾಗಿರಲಿಲ್ಲ. ಅದುವರೆಗೆ ಬಾಳುತ್ತ ಬಂದದ್ದರ ದಾಖಲೆಯಾಗಿತ್ತು. ಒಂದು ಮಠದಲ್ಲಿ 13 ಮಂದಿ ಸಂನ್ಯಾಸಿಗಳು, 16 ಮಂದಿ ಸೇವಾ ಸಹೋದರರು, ಅಷ್ಟೇ ಸಾಕು ಎಂದು ಅವನು ಗೆರೆ ಎಳೆದ. ಆ ಬಡ ನೆಲ ಸಾಕಬಲ್ಲದ್ದು ಅಷ್ಟು ಜನರನ್ನು. ಹೆಚ್ಚಾದರೆ ಊರೂರು ಸುತ್ತಿ ಬೇಡಬೇಕಾಗುತ್ತದೆ, ಬೇಡಲು ಹೊರಟರೆ ಏಕಾಂತ ಹೋಯಿತು. ಬೆಳೆಯುವುದೇ ಯಶಸ್ಸು ಎಂದು ನಂಬುವ ಸಂಸ್ಥೆಗಳ ನಡುವೆ ಈ ಗೆರೆಯನ್ನು ನೋಡಿ ಬೆರಗಾಗುತ್ತದೆ.

ದೇವಾಲಯದಲ್ಲಿ ಚಿನ್ನ ಬೆಳ್ಳಿಯ ಅಲಂಕಾರ ಕೂಡದೆಂದೂ ಗೀಗೋ ಬರೆದ. ಬಲಿಪೂಜೆಯ ಪಾನಪಾತ್ರೆ ಮತ್ತು ಅದರ ಜೊತೆಗಿನ ನಳಿಕೆಗೆ ಮಾತ್ರ ವಿನಾಯಿತಿ. ಈ ಬಡತನ ತೋರಿಕೆಯದಲ್ಲ ಎಂಬುದಕ್ಕೆ ಅದೇ ಕಾಲದ ಲೇಖಕ, ನೋಜಾಂನ ಗಿಬೇರ್, ಒಂದು ಪ್ರಸಂಗ ಬರೆದಿಟ್ಟಿದ್ದಾನೆ. ನೆವೇರ್ ಪ್ರಾಂತದ ಅರಸು ಮಠಕ್ಕೆ ಬಂದು, ಅವರ ಬಡತನ ಕಂಡು ಮರುಗಿ, ಊರಿಗೆ ಮರಳಿದ ಮೇಲೆ ಬೆಳ್ಳಿ ಪಾತ್ರೆಗಳನ್ನು ಕಳುಹಿಸಿದ. ಅವು ಬಂದ ದಾರಿಯಲ್ಲೇ ಹಿಂದಿರುಗಿದವು. ಅರಸು ನಾಚಿಕೊಂಡು, ಈ ಸಲ ಎತ್ತಿನ ಚರ್ಮವನ್ನೂ ಬರೆಯುವ ಚರ್ಮಪತ್ರಗಳನ್ನೂ ಕಳುಹಿಸಿದ. ಅವರಿಗೆ ನಿಜವಾಗಿ ಬೇಕಾಗಿದ್ದುದು ಅದು. ಊಟದ ತಟ್ಟೆ ಬಡವಾಗಿದ್ದರೂ ಗ್ರಂಥಭಂಡಾರ ಸಮೃದ್ಧವಾಗಿತ್ತು ಎಂದು ಗಿಬೇರ್ ಹೇಳುತ್ತಾನೆ.

ಪುಸ್ತಕದ ಮೇಲಣ ಈ ಪ್ರೀತಿಗೆ ಕಾರಣವೂ ಇತ್ತು. ಮೌನದಲ್ಲಿ ಬಾಳುವವರು ಬೋಧಿಸುವುದು ಹೇಗೆ? ಬಾಯಿಂದ ಸಾರಲಾಗದ ದೇವರ ವಾಕ್ಯವನ್ನು ಕೈಯಿಂದ ಸಾರೋಣ ಎಂಬುದು ಗೀಗೋ ಕಂಡುಕೊಂಡ ದಾರಿ. ಒಂದೊಂದು ಪುಸ್ತಕ ನಕಲಾದಾಗಲೂ ಸತ್ಯವನ್ನು ಸಾರುವ ಒಬ್ಬನು ಹೊಸದಾಗಿ ಹುಟ್ಟಿದಂತೆ ಎಂದು ಅವನು ನಂಬಿದ್ದ. ಆದ್ದರಿಂದಲೇ ಪ್ರತಿಯೊಬ್ಬನ ಕುಟೀರದಲ್ಲಿ ಇರಬೇಕಾದ ಸಾಮಾನುಗಳ ಪಟ್ಟಿಯಲ್ಲಿ ಹಾಸಿಗೆ, ಹೊದಿಕೆ, ಸೂಜಿ, ದಾರಗಳ ಜೊತೆಗೆ ಬರವಣಿಗೆಯ ಸಲಕರಣೆಗಳು ಎದ್ದುಕಾಣುತ್ತವೆ. ಬರೆಯುವ ಮಣೆ, ಲೇಖನಿಗಳು, ಸೀಮೆಸುಣ್ಣ, ಚರ್ಮಪತ್ರ ಉಜ್ಜುವ ನೊರೆಗಲ್ಲು, ಶಾಯಿ ತುಂಬುವ ಕೊಂಬು, ಚಾಕು, ಗೆರೆಕೋಲು, ದಬ್ಬಳ. ಒಬ್ಬ ಮನುಷ್ಯನ ಇಡೀ ಆಸ್ತಿ ಇಷ್ಟೇ, ಅದರಲ್ಲಿ ಬಹುಪಾಲು ಅಕ್ಷರಕ್ಕೆ ಮೀಸಲು. ಕ್ಲೂನಿ ಮಠದ ಅಧಿಪತಿ ಪೀಟರ್ ಈ ಗೀಗೋನ ಸ್ನೇಹಿತ. ತಮ್ಮ ಬಳಿ ಇದ್ದ ಸಂತ ಅಗಸ್ಟೀನನ ಪತ್ರಸಂಪುಟದ ದೊಡ್ಡ ಭಾಗವನ್ನು ಕರಡಿಯೊಂದು ತಿಂದುಹಾಕಿದೆ, ನಿಮ್ಮ ಪ್ರತಿಯನ್ನು ಕಳುಹಿಸಿ ಎಂದು ಅವನು ಶಾರ್ತ್ರೂಸ್‌ಗೆ ಬರೆದ ಕಾಗದ ಇನ್ನೂ ಉಳಿದಿದೆ.

1132ರ ಜನವರಿ 30ರಂದು ಹಿಮರಾಶಿ ಕುಸಿದು ಮೊದಲ ಮಠವನ್ನು ಮುಚ್ಚಿಹಾಕಿತು. ಏಳು ಮಂದಿ ಸತ್ತರು. ಗೀಗೋ ಉಳಿದವರನ್ನು ಕರೆದುಕೊಂಡು ಕಣಿವೆಯಲ್ಲಿ ಎರಡು ಕಿಲೋಮೀಟರ್ ಕೆಳಗೆ ಇಳಿದು ಮತ್ತೆ ಕಟ್ಟಿದ. ಇಂದಿಗೂ ಗ್ರಾಂದ್ ಶಾರ್ತ್ರೂಸ್ ಇರುವುದು ಅಲ್ಲಿಯೇ. ಮುಂದಿನ ಶತಮಾನಗಳಲ್ಲಿ ಬೆಂಕಿ ಅದನ್ನು ಮತ್ತೆ ಮತ್ತೆ ಸುಟ್ಟಿತು. ಈಗ ನಿಂತಿರುವ, ಕಡಿದಾದ ಚಾವಣಿಗಳ ದೊಡ್ಡ ಕಟ್ಟಡಗಳು 1676ರ ಬೆಂಕಿಯ ಬಳಿಕ ಇನ್ನೊಸಾಂ ಲ ಮಾಸೋಂ ಎಂಬ ಮಠಾಧಿಪತಿ ಕಟ್ಟಿಸಿದವು. ಇನ್ನೂರು ಮೀಟರಿಗೂ ಉದ್ದದ ಮೊಗಸಾಲೆ, ಅದರ ಅಂಚಿಗೆ ಸಾಲಾಗಿ ಕುಟೀರಗಳು. ಕುಟೀರದ ಬಾಗಿಲ ಮೇಲೆ ಒಳಗಿರುವವನ ಹೆಸರಿಲ್ಲ, ಒಂದು ಅಕ್ಷರವಷ್ಟೇ ಇದೆ.

ಆ ಬಾಗಿಲು ದಾಟಿದರೆ ಸಿಗುವುದು ಒಂದು ಕೋಣೆಯಲ್ಲ, ಪುಟ್ಟದೊಂದು ಎರಡಂತಸ್ತಿನ ಮನೆ. ಕೆಳಗೆ ಸೌದೆ ಕೂಡಿಡುವ ಜಾಗ, ಮರಗೆಲಸದ ಮೇಜು, ಗೋಡೆಯಿಂದ ಸುತ್ತುವರಿದ ಒಂದು ಸಣ್ಣ ಕೈತೋಟ. ಮೇಲೆ ಮರಿಯಮ್ಮನವರ ಪ್ರತಿಮೆಯಿರುವ ಹೊರಕೋಣೆ. ಹೊರಗಿನಿಂದ ಬಂದಾಗಲೆಲ್ಲ ಅಲ್ಲಿ ಮೊಣಕಾಲೂರಿ ನಮೋ ಮರಿಯ ಹೇಳಿಯೇ ಒಳಗೆ ಹೋಗಬೇಕು. ಅದರಾಚೆಗೆ ಮಂಚ, ಒಲೆ, ಕಿಟಕಿಯ ಬಳಿ ಓದುವ ಮೇಜು, ಪ್ರಾರ್ಥನೆಗೆ ದೇವಾಲಯದಲ್ಲಿರುವಂಥದೇ ಒಂದು ಮರದ ಪೀಠ. ಊಟ ಬರುವುದು ಬಾಗಿಲ ಪಕ್ಕದ ಕಿಂಡಿಯಿಂದ. ಸೆಪ್ಟೆಂಬರ್ 14ರ ಶಿಲುಬೆಯ ಹಬ್ಬದಿಂದ ಪಾಸ್ಕ ಹಬ್ಬದವರೆಗೆ ದಿನಕ್ಕೆ ಒಂದೇ ಊಟ, ಸಂಜೆ ಅಲ್ಪಾಹಾರ. ವಾರಕ್ಕೊಂದು ದಿನ, ಸಾಮಾನ್ಯವಾಗಿ ಶುಕ್ರವಾರ, ಬ್ರೆಡ್ಡು ನೀರು ಮಾತ್ರ. ಇವನ ಸೌದೆಯನ್ನು ಇವನೇ ಒಡೆದುಕೊಳ್ಳಬೇಕು, ಇವನ ತೋಟವನ್ನು ಇವನೇ ನೋಡಿಕೊಳ್ಳಬೇಕು. ಪುಸ್ತಕ, ಪ್ರಾರ್ಥನೆ, ಕೊಡಲಿ ಮೂರೂ ಒಂದೇ ಸೂರಿನಡಿಯಲ್ಲಿ ಇರುವುದರಿಂದ ತಲೆ, ಎದೆ, ತೋಳು ಯಾವುದೂ ಜಡಗಟ್ಟುವುದಿಲ್ಲ. ಅಡುಗೆ, ಹೊಲಿಗೆ, ದುರಸ್ತಿ ಮುಂತಾದ ಕುಟೀರದಾಚೆಯ ಕೆಲಸಗಳು ಸೇವಾ ಸಹೋದರರ ಹೊಣೆ. ಅವರದೂ ಮೌನದ ಬದುಕೇ.

ದಿನದ ಬಹುಪಾಲು ಒಬ್ಬನೇ ಇದ್ದರೂ ಅವನು ಒಂಟಿಯಲ್ಲ. ಗಂಟೆ ಬಾರಿಸಿದಾಗ ಪ್ರತಿಯೊಬ್ಬನೂ ತನ್ನ ತನ್ನ ಕುಟೀರದಲ್ಲಿ ಎದ್ದು ನಿಂತು ಒಂದೇ ಪ್ರಾರ್ಥನೆಯನ್ನು ಒಂದೇ ಹೊತ್ತಿಗೆ ಮಾಡುತ್ತಾನೆ, ಗೋಡೆಗಳ ಆಚೆ ಈಚೆ ಒಂದೇ ಕೀರ್ತನೆ. ಭಾನುವಾರ ಎಲ್ಲರೂ ಭೋಜನಶಾಲೆಯಲ್ಲಿ ಒಟ್ಟಿಗೆ ಕುಳಿತು, ಒಬ್ಬನು ಗಟ್ಟಿಯಾಗಿ ಓದುವುದನ್ನು ಕೇಳುತ್ತ ಊಟ ಮಾಡುತ್ತಾರೆ. ಆಮೇಲೆ ಮಾತುಕತೆಗೆ ಸಮಯವಿದೆ. ವಾರಕ್ಕೊಮ್ಮೆ ಮೂರು ನಾಲ್ಕು ಗಂಟೆಗಳ ಕಾಲ ಕಾಡು ಬೆಟ್ಟದಲ್ಲಿ ನಡಿಗೆ. ಇಬ್ಬಿಬ್ಬರಾಗಿ, ಜೋಡಿ ಬದಲಿಸುತ್ತ, ಮನಸ್ಸು ಬಿಚ್ಚಿ ಮಾತಾಡುತ್ತ ನಡೆಯುತ್ತಾರೆ. ಏಕಾಂತ ಹಾಸಾದರೆ ಸಹವಾಸ ಹೊಕ್ಕು, ಎರಡೂ ಸೇರಿದರೇ ಬಟ್ಟೆ ಎಂಬುದನ್ನು ಈ ಸಭೆ ಮೊದಲಿನಿಂದಲೂ ಅರಿತಿದೆ.

ಈ ಬದುಕಿನ ನಡುಗಂಬ ರಾತ್ರಿಯ ಪ್ರಾರ್ಥನೆ. ಸಂಜೆ ಎಂಟರ ಸುಮಾರಿಗೆ ಮಲಗಿದವರು ಹನ್ನೊಂದೂವರೆಗೆ ಏಳುತ್ತಾರೆ. ಕುಟೀರದಲ್ಲಿ ಸ್ವಲ್ಪ ಹೊತ್ತು ಪ್ರಾರ್ಥಿಸಿ, ಹನ್ನೆರಡೂಕಾಲರ ಹೊತ್ತಿಗೆ ದೇವಾಲಯಕ್ಕೆ ನಡೆಯುತ್ತಾರೆ. ಗಂಟೆಯ ಹಗ್ಗ ಬಂದವರ ಕೈಯಿಂದ ಕೈಗೆ ದಾಟುತ್ತದೆ. ಆಮೇಲೆ ಕತ್ತಲಲ್ಲಿ ಎರಡರಿಂದ ಮೂರು ಗಂಟೆಗಳ ಕಾಲ ಕೀರ್ತನೆ, ಪಾರಾಯಣ, ಮೌನ. ಆರ್ಗನ್ ಇಲ್ಲ, ಬೇರೆ ಯಾವ ವಾದ್ಯವೂ ಇಲ್ಲ. ಗ್ರೆಗೋರಿಯನ್ ಪಠಣದ ತಮ್ಮದೇ ಹಳೆಯ ಪಾಠವನ್ನು ಅವರು ಕಾಪಾಡಿಕೊಂಡು ಬಂದಿದ್ದಾರೆ. ಅದು ಬೇರೆ ಮಠಗಳದಕ್ಕಿಂತ ಸರಳ, ನಿಧಾನ. ಕೇಳುವವರ ಮೆಚ್ಚುಗೆಗಾಗಿ ಹಾಡುವ ಹಾಡು ಇದಲ್ಲ, ಆದ್ದರಿಂದ ಸ್ವರ ಎಲ್ಲಿಯೂ ಮೆರೆಯುವುದಿಲ್ಲ. ಸಾಲು ಮುಗಿದ ಮೇಲಿನ ನಿಲುಗಡೆ ಎಷ್ಟು ದೀರ್ಘವೆಂದರೆ, ಹೊಸದಾಗಿ ಕೇಳುವವರಿಗೆ ಹಾಡು ಮುಗಿಯಿತೇನೋ ಅನ್ನಿಸಬೇಕು. ವಿಲಂಬಿತದಲ್ಲಿ ರಾಗ ಬೆಳೆಯುವುದನ್ನು ಕೇಳಿ ಬಲ್ಲ ನಮ್ಮವರಿಗೆ ಆ ನಿಲುಗಡೆಯ ಬೆಲೆ ಬೇಗ ತಿಳಿಯುತ್ತದೆ. ಮುಗಿಸಿಕೊಂಡು ಮತ್ತೆ ಮಲಗಿ, ಬೆಳಗ್ಗೆ ಏಳುತ್ತಾರೆ.

ಲೋಕವೆಲ್ಲ ಮಲಗಿದಾಗ ಎಚ್ಚರವಾಗಿರುವುದು ಏಕೆ? ಇಲ್ಲಿಯೇ ಅವರ ನಂಬಿಕೆಯ ತಿರುಳಿದೆ. ಹೊರಗಿನವರು ಕೇಳುವ ಪ್ರಶ್ನೆ ಯಾವಾಗಲೂ ಒಂದೇ: ಬೋಧನೆಯಿಲ್ಲ, ಶಾಲೆಯಿಲ್ಲ, ಆಸ್ಪತ್ರೆಯಿಲ್ಲ, ಇವರಿಂದ ಜಗತ್ತಿಗೆ ಏನು ಪ್ರಯೋಜನ? ಅವರ ಉತ್ತರ ಕಥೋಲಿಕ ವಿಶ್ವಾಸದ ಒಳಗಿನಿಂದ ಬರುತ್ತದೆ. ವಿಶ್ವಾಸಿಗಳೆಲ್ಲರೂ ಕ್ರಿಸ್ತನ ಒಂದೇ ದೇಹದ ಅಂಗಗಳು. ದೇಹದಲ್ಲಿ ಕಾಣುವ ಕೈಕಾಲುಗಳಿರುವಂತೆ ಕಾಣದ ಹೃದಯವೂ ಇರುತ್ತದೆ. ಎಲ್ಲರಿಂದ ಬೇರ್ಪಟ್ಟು ಬಂದವನು ಎಲ್ಲರ ಪರವಾಗಿ ದೇವರ ಮುಂದೆ ನಿಲ್ಲುತ್ತಾನೆ, ಹಾಗಾಗಿ ಎಲ್ಲರಿಗೂ ಹತ್ತಿರವಾಗುತ್ತಾನೆ. ಗೀಗೋ ತನ್ನ ಆಚಾರಸಂಹಿತೆಯನ್ನು ಮುಗಿಸುವುದೇ ಏಕಾಂತದ ಸ್ತುತಿಯಿಂದ. ಸಂಜೆ ಹೊಲದಲ್ಲಿ ಒಬ್ಬನೇ ಧ್ಯಾನಿಸುತ್ತಿದ್ದ ಇಸಾಕ, ಒಂಟಿಯಾಗಿ ಉಳಿದ ರಾತ್ರಿ ದೇವದೂತನೊಡನೆ ಸೆಣಸಿ ಹೊಸ ಹೆಸರು ಪಡೆದ ಯಕೋಬ, ಮೋಶೆ, ಎಲೀಯ, ಯೆರೆಮೀಯ, ಅಡವಿಯಲ್ಲಿ ಬೆಳೆದ ಸ್ನಾನಿಕ ಯೊವಾನ್ನ, ಕೊನೆಗೆ ಗುಂಪನ್ನು ಕಳುಹಿಸಿ ಬೆಟ್ಟಕ್ಕೆ ಹೋಗಿ ಪ್ರಾರ್ಥಿಸಿದ ಯೇಸುಸ್ವಾಮಿ, ಇವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ನಿಲ್ಲಿಸುತ್ತಾನೆ. ದೇವರ ದೊಡ್ಡ ಗುಟ್ಟುಗಳು ಗದ್ದಲದಲ್ಲಿ ಯಾರಿಗೂ ತೆರೆದುಕೊಂಡಿಲ್ಲ ಎಂಬುದು ಅವನ ವಾದ. ಮಾತೆ ಮರಿಯಮ್ಮ ಮತ್ತು ಸ್ನಾನಿಕ ಯೊವಾನ್ನ ಈ ಸಭೆಯ ಆಶ್ರಯದಾತರು.

ಮಾಂಸಾಹಾರ ವರ್ಜನೆಯ ಸುತ್ತ ಸೊಗಸಾದ ಕತೆಗಳು ಹುಟ್ಟಿಕೊಂಡಿವೆ. 14ನೆಯ ಶತಮಾನದ ಪೋಪ್ ಐದನೆಯ ಅರ್ಬನ್, ಇಷ್ಟು ಕಟ್ಟುನಿಟ್ಟು ಆರೋಗ್ಯಕ್ಕೆ ಕೇಡು, ಕಾಯಿಲೆಯವರಾದರೂ ಮಾಂಸ ತಿನ್ನಲಿ ಎಂದು ನಿಯಮ ಸಡಿಲಿಸಲು ಹೊರಟನಂತೆ. ಬಿನ್ನಹ ಮಾಡಿಕೊಳ್ಳಲು ಮಠಗಳಿಂದ 27 ಮಂದಿ ಸಂನ್ಯಾಸಿಗಳು ಹೋದರು. ಅವರಲ್ಲಿ ಕಿರಿಯವನಿಗೆ 88 ವರ್ಷ, ಹಿರಿಯವನಿಗೆ 95. ಅವರನ್ನು ನೋಡಿದ ಮೇಲೆ ಪೋಪ್‌ಗೆ ಹೇಳಲು ಏನೂ ಉಳಿಯಲಿಲ್ಲ.

ಇನ್ನೊಂದು ಕತೆಯನ್ನು ಸ್ಪೇನಿನ ಚಿತ್ರಕಾರ ಸುರ್ಬರಾನ್ ಸೆವಿಲ್ಯ ನಗರದ ಕಾರ್ತೂಸಿಯನ್ ಮಠಕ್ಕಾಗಿ ಚಿತ್ರಿಸಿದ್ದಾನೆ. ಈಗ ಆ ಚಿತ್ರ ಅದೇ ನಗರದ ಕಲಾ ಸಂಗ್ರಹಾಲಯದಲ್ಲಿದೆ. ಧರ್ಮಾಧ್ಯಕ್ಷ ಹ್ಯೂ ತಪಸ್ಸುಕಾಲಕ್ಕೆ ಮುಂಚಿನ ಭಾನುವಾರ ಮಠಕ್ಕೆ ಮಾಂಸ ಕಳುಹಿಸಿದ್ದ. ತಿನ್ನಬಹುದೋ ಬಾರದೋ ಎಂದು ಚರ್ಚಿಸುತ್ತ ಬ್ರೂನೋ ಮತ್ತು ಸಂಗಾತಿಗಳು ಕುಳಿತಲ್ಲೇ ನಿದ್ದೆಹೋದರು. ಪವಿತ್ರ ವಾರದಲ್ಲಿ ಹ್ಯೂ ಬಂದಾಗಲೇ ಎಚ್ಚರ, ಬಟ್ಟಲಿನ ಮಾಂಸ ಬೂದಿಯಾಗಿತ್ತು. ಸುರ್ಬರಾನ್ ಈ ಪವಾಡವನ್ನು ಅಬ್ಬರವಿಲ್ಲದೆ ಚಿತ್ರಿಸಿದ್ದಾನೆ. ಮೇಜಿನ ಹಿಂದೆ ಬಿಳಿಯ ಉಡುಪಿನ ಏಳು ಮಂದಿ, ಮುಂದೆ ಬೆನ್ನು ಬಾಗಿದ ಮುದುಕ ಹ್ಯೂ, ಒಬ್ಬ ಹುಡುಗ ಸೇವಕ. ಯಾರ ಮುಖದಲ್ಲೂ ಗಾಬರಿಯಿಲ್ಲ. ಬಿಳಿ ಮೇಜುಬಟ್ಟೆ, ಬಿಳಿ ಉಡುಪು, ಬಿಳಿಯ ಮಣ್ಣಿನ ಪಾತ್ರೆಗಳು. ಒಂದು ಬಿಳಿಗೂ ಇನ್ನೊಂದಕ್ಕೂ ವ್ಯತ್ಯಾಸವಿದೆ, ಒಂದರಲ್ಲಿ ಹಳದಿಯ ಸುಳಿವು, ಒಂದರಲ್ಲಿ ಬೂದಿಯ ನೆರಳು. ಒಬ್ಬೊಬ್ಬರ ಮುಂದೆಯೂ ಒಂದೊಂದು ಬ್ರೆಡ್ಡು, ಪಾತ್ರೆಯ ಮೇಲೆ ನೀಲಿಯ ಗುರುತು. ಒಂದು ಪಾತ್ರೆಗೂ ಮತ್ತೊಂದು ಪಾತ್ರೆಗೂ ನಡುವೆ ಬಿಟ್ಟ ಖಾಲಿ ಜಾಗವೇ ಚಿತ್ರದ ಮಾತು. ಬಣ್ಣದಲ್ಲಿ ಮೌನವನ್ನು ಬರೆಯಲು ಆಗುತ್ತದೆ ಎಂದು ನಾನು ನಂಬಿದ್ದು ಈ ಚಿತ್ರವನ್ನು ಕಂಡ ಮೇಲೆ.

ಮೌನಿಗಳಾದವರು ಮೆತ್ತನೆಯ ಜನರೆಂದು ತಿಳಿಯಬಾರದು. ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿ ತಾನೇ ಧರ್ಮಸಭೆಯ ಮುಖ್ಯಸ್ಥನೆಂದು ಸಾರಿಕೊಂಡಾಗ, ಲಂಡನ್ನಿನ ಕಾರ್ತೂಸಿಯನ್ ಮಠಾಧಿಪತಿ ಜಾನ್ ಹೌಟನ್ ಒಪ್ಪಲಿಲ್ಲ. 1535ರ ಮೇ 4ರಂದು ಅವನನ್ನೂ ಇನ್ನಿಬ್ಬರು ಕಾರ್ತೂಸಿಯನ್ ಮಠಾಧಿಪತಿಗಳನ್ನೂ ಟೈಬರ್ನ್‌ನಲ್ಲಿ ಕೊಂದರು. ಸೆರೆಮನೆಯ ಕಿಟಕಿಯಿಂದ ಅವರು ಹೋಗುವುದನ್ನು ಕಂಡ ಥಾಮಸ್ ಮೋರ್, ಮದುವೆಗೆ ಹೊರಟ ವರರಂತೆ ನಗುನಗುತ್ತ ಹೋಗುತ್ತಿದ್ದಾರೆಂದು ಮಗಳಿಗೆ ತೋರಿಸಿದನಂತೆ. 1540ರ ಹೊತ್ತಿಗೆ 18 ಮಂದಿ ಕಾರ್ತೂಸಿಯನ್ನರು ಹೀಗೆ ಪ್ರಾಣ ಕೊಟ್ಟಿದ್ದರು. ಹಲವರು ಸೆರೆಯಲ್ಲಿ ಹಸಿವಿನಿಂದ ಸತ್ತರು. 1944ರ ಸೆಪ್ಟೆಂಬರಿನಲ್ಲಿ ಇಟಲಿಯ ಲುಕ್ಕಾ ಬಳಿಯ ಫರ್ನೇತಾ ಮಠಕ್ಕೆ ನಾಜಿ ಪಡೆ ನುಗ್ಗಿತು. ತಲೆಮರೆಸಿಕೊಂಡವರಿಗೆ ಆಸರೆ ಕೊಟ್ಟದ್ದು ಅಲ್ಲಿಯವರ ಅಪರಾಧ. ಅದಕ್ಕಾಗಿ 12 ಮಂದಿ ಸಂನ್ಯಾಸಿಗಳನ್ನು ಕೊಂದರು. ಲೋಕದಿಂದ ದೂರವಾದವರ ಬಾಗಿಲು ಲೋಕ ಬಂದು ತಟ್ಟಿದಾಗ ತೆರೆದೇ ಇತ್ತು.

ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ, 1792ರಲ್ಲಿ, ಗ್ರಾಂದ್ ಶಾರ್ತ್ರೂಸ್‌ನವರನ್ನು ಹೊರಹಾಕಲಾಯಿತು. 1816ರಲ್ಲಿ ಮರಳಿದರು. 1903ರಲ್ಲಿ ಮತ್ತೆ ಹೊರಹಾಕಿದರು, 1940ರಲ್ಲಿ ಮತ್ತೆ ಮರಳಿದರು. ಜಗತ್ತು ಈ ಮಠದ ಹೆಸರನ್ನು ಹೆಚ್ಚಾಗಿ ಬಲ್ಲದ್ದು ಅಲ್ಲಿ ಹುಟ್ಟಿದ ಹಸಿರು ಮದ್ಯದಿಂದ. 130 ಬಗೆಯ ಗಿಡಮೂಲಿಕೆಗಳ ಆ ಪಾಕದ ಗುಟ್ಟು ಬೆರಳೆಣಿಕೆಯ ಸಂನ್ಯಾಸಿಗಳಿಗೆ ಮಾತ್ರ ಗೊತ್ತು. 1605ರಲ್ಲಿ ಕೈಗೆ ಬಂದ ಒಂದು ಹಸ್ತಪ್ರತಿಯಿಂದ ಅದು ಬೆಳೆಯಿತು. ಅದರ ರುಚಿಗಿಂತ ನನ್ನನ್ನು ಸೆಳೆಯುವುದು ಈಚಿನ ಒಂದು ತೀರ್ಮಾನ. ಬೇಡಿಕೆ ಏರುತ್ತಲೇ ಇದ್ದಾಗ, ಇದಕ್ಕಿಂತ ಹೆಚ್ಚು ತಯಾರಿಸುವುದಿಲ್ಲ, ನಮ್ಮ ಹೊತ್ತು ಪ್ರಾರ್ಥನೆಗೆ ಮತ್ತು ಏಕಾಂತಕ್ಕೆ ಬೇಕು ಎಂದು ಅವರು 2023ರಲ್ಲಿ ತಿಳಿಸಿದರು. ಗೀಗೋ 12ನೆಯ ಶತಮಾನದಲ್ಲಿ ಎಳೆದ ಗೆರೆ ಇನ್ನೂ ಅಳಿಸಿಲ್ಲ.

ಮಠದ ಒಳಗೆ ಪ್ರವಾಸಿಗಳಿಗೆ ಪ್ರವೇಶವಿಲ್ಲ. ಒಳಗನ್ನು ಕಾಣಲು ನಮಗಿರುವ ದಾರಿ ಜರ್ಮನಿಯ ನಿರ್ದೇಶಕ ಫಿಲಿಪ್ ಗ್ರೋನಿಂಗ್ 2005ರಲ್ಲಿ ಹೊರತಂದ ಸಾಕ್ಷ್ಯಚಿತ್ರ. 1984ರಲ್ಲಿ ಅನುಮತಿ ಕೇಳಿದ್ದ. ಇನ್ನೂ ಹೊತ್ತು ಬಂದಿಲ್ಲ ಎಂದರು. ಹದಿನಾರು ವರ್ಷಗಳ ನಂತರ ಒಪ್ಪಿಗೆ ಬಂತು. ಕೃತಕ ಬೆಳಕಿಲ್ಲದೆ, ವಿವರಣೆಯಿಲ್ಲದೆ, ಒಬ್ಬನೇ ಕ್ಯಾಮೆರಾ ಹಿಡಿದು, ಅವರ ದಿನಚರಿಯನ್ನೇ ತಾನೂ ಪಾಲಿಸುತ್ತ ತಿಂಗಳುಗಟ್ಟಲೆ ಅಲ್ಲಿದ್ದು ಚಿತ್ರಿಸಿದ. ಎರಡೂವರೆ ಗಂಟೆಗೂ ಮೀರಿದ ಈ ಚಿತ್ರದಲ್ಲಿ ಬಿಳಿ ಬಟ್ಟೆಯನ್ನು ಕತ್ತರಿಸುವ ಕತ್ತರಿಯ ಸದ್ದು ಒಂದು ಘಟನೆ, ಪಾತ್ರೆಯ ನೀರಿನ ಮೇಲೆ ಬೀಳುವ ಬೆಳಕು ಒಂದು ಘಟನೆ. ನಡಿಗೆಗೆ ಹೋದ ಸಂನ್ಯಾಸಿಗಳು ಹಿಮದ ಇಳಿಜಾರಿನಲ್ಲಿ ಜಾರುತ್ತ, ಬೀಳುತ್ತ, ಮಕ್ಕಳಂತೆ ನಗುವ ದೃಶ್ಯವೊಂದಿದೆ. ಕೊನೆಯ ಭಾಗದಲ್ಲಿ ಕಣ್ಣು ಕಾಣದ ಮುದುಕನೊಬ್ಬ ತನ್ನ ಕುರುಡಿಗಾಗಿ ದೇವರಿಗೆ ವಂದಿಸುತ್ತೇನೆಂದು ಪ್ರಸನ್ನನಾಗಿ ಹೇಳುತ್ತಾನೆ. ಇಷ್ಟು ಸಂತೋಷವನ್ನು ಆ ಮುಖಗಳಲ್ಲಿ ನಾನು ನಿರೀಕ್ಷಿಸಿರಲಿಲ್ಲ. ತಪಸ್ಸು ಹದಗೆಟ್ಟರೆ ಮುಖ ಗಂಟಾಗುತ್ತದೆ. ಇಲ್ಲಿನ ಮುಖಗಳು ತಿಳಿಯಾಗಿವೆ.

15–16ನೆಯ ಶತಮಾನಗಳಲ್ಲಿ ಸುಮಾರು 200 ಮಠಗಳಿದ್ದ ಸಭೆ ಇಂದು, ಸಂನ್ಯಾಸಿನಿಯರ ಮಠಗಳೂ ಸೇರಿ, ಇಪ್ಪತ್ತರ ಆಸುಪಾಸಿಗೆ ಇಳಿದಿದೆ. ಅದಕ್ಕಾಗಿ ಅವರು ನಿಯಮ ಸಡಿಲಿಸಿಲ್ಲ, ಪ್ರಚಾರಕ್ಕೆ ಇಳಿದಿಲ್ಲ. ಕೆಟ್ಟದ್ದೇ ಇಲ್ಲ, ಆದ್ದರಿಂದ ಸುಧಾರಣೆ ಬೇಕಾಗಲಿಲ್ಲ ಎಂಬ ಹಳೆಯ ಮಾತು ಈ ಸಭೆಯ ಬಗ್ಗೆ ಪ್ರಚಲಿತವಾಗಿದೆ. ಪುಸ್ತಕ ಬರೆದವರು ಹೆಸರು ಹಾಕುವುದಿಲ್ಲ, ಮುಖಪುಟದಲ್ಲಿ ಒಬ್ಬ ಕಾರ್ತೂಸಿಯನ್ ಎಂದಷ್ಟೇ ಇರುತ್ತದೆ. ಸತ್ತವರನ್ನು ಪೆಟ್ಟಿಗೆಯಿಲ್ಲದೆ, ಉಟ್ಟ ಬಿಳಿ ಉಡುಪಿನಲ್ಲೇ, ಮುಸುಕನ್ನು ಮುಖದ ಮೇಲೆಳೆದು ಮಣ್ಣು ಮಾಡುತ್ತಾರೆ. ಮೇಲೆ ನೆಡುವ ಮರದ ಶಿಲುಬೆಯಲ್ಲಿ ಹೆಸರಿಲ್ಲ, ತಾರೀಖಿಲ್ಲ. ತಮ್ಮವರನ್ನು ಸಂತರೆಂದು ಸಾರಿಸಲು ಅವರು ಓಡಾಡುವುದಿಲ್ಲ. ಸ್ಥಾಪಕನಾದ ಬ್ರೂನೋನಿಗೂ ವಿಧಿವತ್ತಾದ ಸಂತಪದವಿ ಘೋಷಣೆ ನಡೆಯಲಿಲ್ಲ. 1514ರಲ್ಲಿ ಪೋಪ್ ಹತ್ತನೆಯ ಲಿಯೋ ಅವನ ಹಬ್ಬವನ್ನು ಆಚರಿಸಲು ಬಾಯಿಮಾತಿನ ಅನುಮತಿ ಕೊಟ್ಟ, ಅವರಿಗೆ ಅಷ್ಟೇ ಸಾಕಾಯಿತು.

ಸಂನ್ಯಾಸಿಯೊಬ್ಬ ಅಸಾಧಾರಣವಾಗಿ ಬಾಳಿ ತೀರಿಕೊಂಡರೆ ಸಭೆಯ ದಾಖಲೆಯಲ್ಲಿ ಅವನ ಬಗ್ಗೆ ಒಂದೇ ಮಾತು ಸೇರುತ್ತದೆ: ಇವನು ಮೆಚ್ಚುವಂತೆ ಬಾಳಿದ. ಅದಕ್ಕಿಂತ ದೊಡ್ಡ ಬಿರುದು ಕಾರ್ತೂಸಿಯನ್ ಸಭೆಯಲ್ಲಿ ಇಲ್ಲ. ಆ ಬಿರುದೂ ಎಲ್ಲರಿಗೆ ಸಿಗುವುದಿಲ್ಲ.